ಆ ಬಂದೂಕು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಊರಿನ ಫಿಲಂ ಸೊಸೈಟಿಯಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವರ ‘ಲಾ ಪೋ ದೂಸ್’ (ಮೃದು ಚರ್ಮ) ತೋರಿಸಿದೆವು. ‘ಎರಡು ಗಂಟೆ ಹೋಟೆಲು, ಏರ್‌ಪೋರ್ಟು, ಫೋನು ಅಂತ ಎಳೆದು, ಕೊನೆಗೆ ಹೆಂಡತಿ ಕೈಗೆ ಬಂದೂಕು ಕೊಟ್ಟು ಮುಗಿಸಿಬಿಟ್ಟಿದ್ದಾರೆ, ಎಲ್ಲಿಂದಲೋ ತಂದು ಅಂಟಿಸಿದ ಹಾಗಿದೆ’ ಎಂದು ಬಹಳ ಜನ ಗೊಣಗಿದರು. ಇದು ಸರಿಯೇ? ಇನ್ನೊಮ್ಮೆ ತೋರಿಸಿ ಚರ್ಚೆ ಮಾಡಬೇಕೆಂದಿದ್ದೇವೆ. ಯಾವ ದೃಶ್ಯಗಳನ್ನು ಗಮನಿಸಬೇಕು? ಅವರದೇ ‘ದಿ ವುಮನ್ ನೆಕ್ಸ್ಟ್ ಡೋರ್’ ಜೊತೆಗಿಟ್ಟು ತೋರಿಸಬಹುದೇ?

ಉತ್ತರ: ಅಂಟಿಸಿದ್ದಲ್ಲ. ಆದರೆ ನಿಮ್ಮ ಸದಸ್ಯರ ಮೇಲೆ ಸಿಟ್ಟಾಗಬೇಡಿ. 1964ರಲ್ಲಿ ಈ ಚಿತ್ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋದಾಗ ಅಲ್ಲಿಯವರೂ ಮೂಗು ಮುರಿದಿದ್ದರು. ಐದು ವರ್ಷದ ಹಿಂದೆ ಅದೇ ಊರಿನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದಿದ್ದ ತ್ರುಫೋ ಈ ಸಲ ಬರಿಗೈಲಿ ಮರಳಿದರು. ದೊಡ್ಡ ಪ್ರಶಸ್ತಿ ಜಾಕ್ ದೆಮಿಯವರ ಬಣ್ಣಬಣ್ಣದ ಸಂಗೀತಚಿತ್ರಕ್ಕೆ ಹೋಯಿತು. ಅದರ ನಾಯಕಿ ಕ್ಯಾಥರೀನ್ ದೆನೂವ್. ಇಲ್ಲಿ ಪ್ರೇಯಸಿ ನಿಕೋಲ್ ಆಗಿರುವ ಫ್ರಾನ್ಸ್ವಾಸ್ ದೋರ್ಲಿಯಾಕ್, ದೆನೂವ್ ಅವರ ಸ್ವಂತ ಅಕ್ಕ. ಅದಕ್ಕೆ ಎರಡು ವರ್ಷ ಮೊದಲು ತ್ರುಫೋ ಮಾಡಿದ್ದ ‘ಜೂಲ್ ಎ ಜಿಮ್’ನಲ್ಲಿ ಒಬ್ಬಳು ಹೆಣ್ಣು, ಇಬ್ಬರು ಗಂಡಸರ ಪ್ರೇಮ ಹಾಡಿನಂತೆ ಹರಿಯುತ್ತದೆ. ಜನ ಅಂಥದ್ದೇ ಇನ್ನೊಂದನ್ನು ನಿರೀಕ್ಷಿಸಿದ್ದರು. ಸಿಕ್ಕಿದ್ದು ಕೈಗಡಿಯಾರ ನೋಡಿಕೊಂಡು ಪ್ರೇಮಿಸುವ ಒಬ್ಬ ನಡುವಯಸ್ಸಿನ ಮೇಷ್ಟ್ರಂಥವನು.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. ಪಿಯರ್ ಲಾಶ್ನೆ ಪ್ಯಾರಿಸ್ಸಿನ ಹೆಸರಾಂತ ಸಾಹಿತ್ಯಪತ್ರಿಕೆಯ ಸಂಪಾದಕ, ಫ್ರೆಂಚ್ ಕಾದಂಬರಿಕಾರ ಬಾಲ್ಝಾಕ್ ಬಗ್ಗೆ ಬರೆದವನು. ಹೆಂಡತಿ ಫ್ರಾಂಕಾ, ಪುಟ್ಟ ಮಗಳು ಸಬೀನ್. ಭಾಷಣಕ್ಕೆಂದು ಲಿಸ್ಬನ್‌ಗೆ ಹೋಗುವಾಗ ವಿಮಾನದಲ್ಲಿ ಗಗನಸಖಿ ನಿಕೋಲ್ ಕಣ್ಣಿಗೆ ಬೀಳುತ್ತಾಳೆ. ಸಂಬಂಧ ಬೆಳೆಯುತ್ತದೆ, ಮನೆಯಲ್ಲಿ ಗೊತ್ತಾಗುತ್ತದೆ, ಮನೆ ಒಡೆಯುತ್ತದೆ, ಅಷ್ಟರಲ್ಲಿ ನಿಕೋಲ್ ಕೂಡ ಬಿಟ್ಟು ಹೋಗುತ್ತಾಳೆ. ಕೊನೆಗೆ ಅವನು ದಿನಾ ಊಟ ಮಾಡುವ ರೆಸ್ಟೋರೆಂಟಿಗೇ ಬಂದು ಫ್ರಾಂಕಾ ಗುಂಡು ಹಾರಿಸುತ್ತಾಳೆ.

ಈ ಕಥೆಯಲ್ಲಿ ಕಾಮಕ್ಕಿಂತ ಹೆಚ್ಚು ಕೆಲಸ ಮಾಡುವುದು ವೇಳಾಪಟ್ಟಿ. ಪಿಯರ್‌ನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಯಾರಿಗೂ ಇಲ್ಲ ಎನ್ನಲಾರ, ಯಾರಿಗೂ ನಿಜ ಹೇಳಲಾರ. ಹಾಗಾಗಿ ಪ್ರತಿ ಕಡೆಯೂ ಐದು ನಿಮಿಷ ತಡವಾಗಿಯೋ ಐದು ನಿಮಿಷ ಮೊದಲೋ ಇರುತ್ತಾನೆ. ಆ ಬಂದೂಕು ಇಂಥ ತಡಗಳ ಸಾಲಿನ ಕೊನೆಯದು. ಸದಸ್ಯರಿಗೆ ಎರಡನೇ ಸಲ ತೋರಿಸುವಾಗ ‘ಪ್ರೇಮ ಯಾವಾಗ ಶುರುವಾಯಿತು’ ಎಂದು ಹುಡುಕಲು ಹೇಳಬೇಡಿ. ಗಡಿಯಾರ, ಕೀಲಿ, ಸ್ವಿಚ್ಚು, ಗೇರು, ಫೋನು ಎಲ್ಲೆಲ್ಲಿ ಕಾಣುತ್ತವೆ ಎಂದು ಗುರುತು ಹಾಕಿಕೊಳ್ಳಲು ಹೇಳಿ. ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಮೊದಲ ಹತ್ತು ನಿಮಿಷವೇ ಸಾಕ್ಷಿ. ಪಿಯರ್ ಮನೆಗೆ ಓಡಿ ಬರುತ್ತಾನೆ, ವಿಮಾನಕ್ಕೆ ಹೊತ್ತಾಗಿದೆ, ಸ್ನೇಹಿತನ ಕಾರಿನಲ್ಲಿ ಮಗಳನ್ನೂ ಕೂರಿಸಿಕೊಂಡು ಓರ್ಲಿ ವಿಮಾನನಿಲ್ದಾಣಕ್ಕೆ ದೌಡು. ಕಥೆಯ ದೃಷ್ಟಿಯಿಂದ ಇದರ ಅಗತ್ಯವೇ ಇಲ್ಲ, ‘ಅವನು ಲಿಸ್ಬನ್‌ಗೆ ಹೋದ’ ಎಂದರೆ ಆಯಿತು. ಆದರೂ ಗೇರು ಬದಲಿಸುವ ಕೈ, ಟ್ರಾಫಿಕ್ಕು, ಗಡಿಯಾರ ಎಂದು ತುಂಡುತುಂಡಾಗಿ ಕತ್ತರಿಸಿ, ಕೊಲೆಗಾರನನ್ನು ಬೆನ್ನಟ್ಟುವ ಹಾಗೆ ತೋರಿಸಿದ್ದಾರೆ. ಇಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. 1962ರ ಆಗಸ್ಟ್‌ನಲ್ಲಿ ತ್ರುಫೋ ಹಾಲಿವುಡ್‌ಗೆ ಹೋಗಿ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ದೀರ್ಘ ಸಂದರ್ಶನ ಮಾಡಿದ್ದರು. 1966ರಲ್ಲಿ ಅದು ಪುಸ್ತಕವಾಗಿ ಬಂತು. ‘ಲಾ ಪೋ ದೂಸ್’ ಆ ಎರಡರ ನಡುವಿನ ಚಿತ್ರ. ಹಿಚ್‌ಕಾಕ್ ಗೂಢಚಾರರಿಗೆ, ಕೊಲೆಗಾರರಿಗೆ ಬಳಸಿದ ಉಪಾಯಗಳನ್ನು ತ್ರುಫೋ ತಂದು ಒಬ್ಬ ಸಭ್ಯ ಸಂಪಾದಕನ ಕಳ್ಳಪ್ರೇಮಕ್ಕೆ ಹಚ್ಚಿದರು. ಅದೇ ಕಾಲದ ಫ್ರೆಂಚ್ ನಿರ್ದೇಶಕ ಗೊದಾರ್ ಅವರ ಚಿತ್ರಗಳಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಓಡಾಡಿದ ರಾವುಲ್ ಕೂತಾರ್ ಅವರದೇ ಇಲ್ಲೂ ಛಾಯಾಗ್ರಹಣ. ಆದರೆ ಇಲ್ಲಿ ಆ ಓಡಾಟ ಕಡಿಮೆ, ವಸ್ತುಗಳ ಮೇಲೆ ನೆಟ್ಟ ನೋಟ ಹೆಚ್ಚು.

ಲಿಸ್ಬನ್ ಹೋಟೆಲಿನ ಲಿಫ್ಟ್ ದೃಶ್ಯಕ್ಕೆ ಬಂದಾಗ ಒಂದು ಸಣ್ಣ ಪ್ರಯೋಗ ಮಾಡಿಸಿ. ಕೈಯಲ್ಲಿ ಗಡಿಯಾರ ಹಿಡಿದು, ಪಿಯರ್ ಮತ್ತು ನಿಕೋಲ್ ಜೊತೆಯಾಗಿ ಮೇಲೆ ಹೋಗುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತು, ಅಷ್ಟರಲ್ಲಿ ಎಷ್ಟು ಶಾಟ್ ಬಂದವು ಎಂದು ಎಣಿಸಲಿ. ಆಮೇಲೆ ಅವಳು ಇಳಿದ ಮೇಲಿನ ಪ್ರಯಾಣವನ್ನು ಅಳೆಯಲಿ. ಮೊದಲನೆಯದನ್ನು ಮುಖ, ಕೀಲಿ, ಮಹಡಿ ಎಂದು ಕತ್ತರಿಸಿ ಹಿಗ್ಗಿಸಿದ್ದಾರೆ, ಎರಡನೆಯದು ಚಕ್ಕನೆ ಮುಗಿಯುತ್ತದೆ. ಮಾತೇ ಇಲ್ಲ, ಮುಟ್ಟುವುದೂ ಇಲ್ಲ. ಅವನ ಮನಸ್ಸಿನಲ್ಲಿ ಆ ಕ್ಷಣ ಎಷ್ಟು ಉದ್ದವಾಯಿತೋ ಅಷ್ಟೇ ಉದ್ದ ಪರದೆಯ ಮೇಲೂ. ನಂತರ ಅವನು ತನ್ನ ಕೋಣೆಯಿಂದ ಫೋನ್ ಮಾಡಿ ಕುಡಿಯಲು ಕರೆಯುತ್ತಾನೆ. ಹೊತ್ತಾಯಿತು ಎಂದು ಅವಳು ಒಲ್ಲೆ ಎನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿ ನಾಳೆ ಸಿಗೋಣ ಎನ್ನುತ್ತಾಳೆ. ಅವನು ಏನು ಮಾಡುತ್ತಾನೆ ನೋಡಿ: ಕೋಣೆಯ ದೀಪಗಳನ್ನೆಲ್ಲ ಒಂದೊಂದಾಗಿ ಹಾಕುತ್ತಾ ಹೋಗುತ್ತಾನೆ. ಇಡೀ ಚಿತ್ರದಲ್ಲಿ ಇವನು ಇಷ್ಟು ನಿರಾಳವಾಗಿ ಸಂತೋಷಪಡುವುದು ಇನ್ನೆಲ್ಲೂ ಇಲ್ಲ. ಅದೂ ಒಬ್ಬನೇ ಇದ್ದಾಗ, ಸ್ವಿಚ್ಚಿನ ಜೊತೆ! ಪಿಯರ್ ಆಗಿ ನಟಿಸಿದ ಜಾನ್ ದೆಸೈಯಿ ಈ ದೃಶ್ಯವನ್ನು ಮುಖದಲ್ಲಿ ಹೆಚ್ಚೇನೂ ತೋರಿಸದೆ ಮಾಡಿದ್ದಾರೆ.

ಇನ್ನು ರೀಮ್ಸ್ ಊರಿನ ಭಾಗ. ಚರ್ಚೆಯ ಬಹುಪಾಲು ಸಮಯವನ್ನು ಇದಕ್ಕೇ ಇಡಿ, ಏಕೆಂದರೆ ಸಂಬಂಧ ಸಾಯುವುದು ಇಲ್ಲಿ. ಮುಂದಿನದೆಲ್ಲ ಅದರ ತಿಥಿ.

ಫ್ರೆಂಚ್ ಲೇಖಕ ಆಂದ್ರೆ ಜೀದ್ ಕುರಿತ ಸಾಕ್ಷ್ಯಚಿತ್ರವೊಂದನ್ನು ಪರಿಚಯಿಸಲು ಪಿಯರ್‌ಗೆ ರೀಮ್ಸ್‌ನಿಂದ ಕರೆ ಬಂದಿದೆ. ಮನೆಯಲ್ಲಿ ಇದು ಹೇಳಬಹುದಾದ ಕಾರಣ, ಜೊತೆಗೆ ನಿಕೋಲ್ ಬಂದರೆ ಎರಡು ದಿನದ ಸುಖ. ಲೆಕ್ಕ ಸರಿಯಾಗಿಯೇ ಇದೆ. ಕೆಡುವುದು ಹೇಗೆ? ದಾರಿಯಲ್ಲಿ, ಜೀನ್ಸ್‌ಗಿಂತ ಲಂಗವೇ ಚೆನ್ನ ಎಂಬ ಅವನ ಒಂದು ಮಾತಿಗೆ ನಿಕೋಲ್ ಪೆಟ್ರೋಲ್ ಬಂಕಿನಲ್ಲಿ ಇಳಿದು ಬಟ್ಟೆ ಬದಲಿಸಿ ಬರುತ್ತಾಳೆ. ಅಂದರೆ ಅವಳು ಅವನಿಗಾಗಿ ಏನನ್ನಾದರೂ ಬದಲಿಸಿಕೊಳ್ಳಬಲ್ಲಳು, ಅಲ್ಲಿಯೇ, ಆಗಲೇ. ಊರು ತಲುಪಿದ ಮೇಲೆ ಅವಳು ಕೇಳುವುದು ಒಂದು ಜೊತೆ ಕಾಲುಚೀಲ. ಅದನ್ನು ತರಲು ಅವನ ಕೈಲಾಗುವುದಿಲ್ಲ, ಅಂಗಡಿ ಮುಚ್ಚುವ ಹೊತ್ತು, ಸಂಘಟಕರು ಹಿಡಿದುಕೊಳ್ಳುತ್ತಾರೆ. ಕಾರ್ಯಕ್ರಮದ ಟಿಕೆಟ್ಟೂ ಅವಳಿಗೆ ಸಿಗುವುದಿಲ್ಲ. ವೇದಿಕೆಯ ಮೇಲೆ ಅವನು ಸಾಹಿತ್ಯದ ಮಾತಾಡುತ್ತಿರುವಾಗ ಅವಳು ಹೊರಗೆ. ಆಮೇಲೆ ಅವನನ್ನು ಕರೆಸಿದ ಕ್ಲೆಮಾನ್ ಕಾಫಿ ಅಂಗಡಿಯಲ್ಲಿ ಕೂರಿಸಿಕೊಂಡು ಬಿಡುವುದೇ ಇಲ್ಲ. ಹೊರಗೆ ಬೀದಿಯಲ್ಲಿ ಯಾರೋ ಒಬ್ಬ ನಿಕೋಲ್ ಹಿಂದೆ ಬಿದ್ದು ಪೀಡಿಸುತ್ತಿದ್ದಾನೆ. ಪಿಯರ್‌ಗೆ ಕಾಣುತ್ತದೆ. ಎದ್ದು ಹೋದರೆ ‘ಇವಳು ಯಾರು’ ಎಂಬ ಪ್ರಶ್ನೆ ಬರುತ್ತದೆ. ಅವನು ಏಳುವುದಿಲ್ಲ.

ಇಲ್ಲಿ ನಿಮ್ಮ ಸದಸ್ಯರು ಪಿಯರ್‌ನನ್ನು ದುಷ್ಟ ಎಂದು ಬೈಯುತ್ತಾರೆ. ಬೈಯಲಿ, ಆದರೆ ಅಷ್ಟಕ್ಕೇ ನಿಂತರೆ ದೃಶ್ಯದ ಕೆಲಸ ತಪ್ಪಿಹೋಗುತ್ತದೆ. ಅವನ ಮರ್ಯಾದಸ್ಥಿಕೆಯೇ ಅವನ ದೋಷ. ಕ್ಲೆಮಾನ್‌ಗೆ ‘ಬರ್ತೀನಪ್ಪಾ’ ಎನ್ನಲಾರದ ಸೌಜನ್ಯ, ನಿಕೋಲ್‌ಳನ್ನು ಬೀದಿಯಲ್ಲಿ ಬಿಡುವ ಹೇಡಿತನ ಎರಡೂ ಒಂದೇ. ಅವಳು ಮೋಹಿನಿಯೂ ಅಲ್ಲ, ಮನೆಮುರುಕಿಯೂ ಅಲ್ಲ. ಕೆಲಸ ಮಾಡಿ ಬದುಕುವ, ನಗಲು ಕುಣಿಯಲು ಇಷ್ಟಪಡುವ ಹುಡುಗಿ. ಇಲ್ಲಿಂದಾಚೆಗೆ ಅವಳ ಕಣ್ಣಲ್ಲಿ ಅವನು ಸಣ್ಣವನಾಗುತ್ತಾ ಹೋಗುತ್ತಾನೆ. ಕೊನೆಗೆ, ಇನ್ನೂ ಕಟ್ಟುತ್ತಿರುವ ಫ್ಲ್ಯಾಟೊಂದನ್ನು ಇಬ್ಬರಿಗಾಗಿ ಎಂದು ತೋರಿಸಲು ಕರೆದೊಯ್ದಾಗ ಅವಳು ಮದುವೆಯೂ ಬೇಡ, ಏನೂ ಬೇಡ ಎಂದು ಹೊರಟುಬಿಡುತ್ತಾಳೆ. ಅದಕ್ಕೆ ಯಾರಿಗೂ ಆಶ್ಚರ್ಯವಾಗಬಾರದು, ಉತ್ತರ ರೀಮ್ಸ್‌ನಲ್ಲೇ ಬಂದಿತ್ತು.

ರೀಮ್ಸ್‌ನಿಂದ ತಪ್ಪಿಸಿಕೊಂಡು ಇಬ್ಬರೂ ‘ಲಾ ಕೊಲಿನಿಯೇರ್’ ಎಂಬ ಹಳ್ಳಿಯ ತಂಗುಮನೆಗೆ ಹೋಗುತ್ತಾರೆ. ಅಲ್ಲಿ ಎರಡು ಸಂಗತಿ ನಡೆಯುತ್ತವೆ. ಒಂದು, ಫೋಟೋ ತೆಗೆದುಕೊಳ್ಳುತ್ತಾರೆ. ಎರಡು, ಪಿಯರ್ ಮನೆಗೆ ಫೋನ್ ಮಾಡಿ ತಾನಿನ್ನೂ ರೀಮ್ಸ್‌ನಲ್ಲೇ ಇದ್ದೇನೆ ಎಂಬ ಸುಳ್ಳು ಹೇಳುತ್ತಾನೆ. ಅವನು ಅಲ್ಲಿಲ್ಲ ಎಂಬುದು ಫ್ರಾಂಕಾಗೆ ಆಗಲೇ ಗೊತ್ತು. ಕೋವಿಗೆ ಮದ್ದು ತುಂಬಿದ್ದು ಅಲ್ಲಿ. (ನಡುವೆ ಬಾಗಿಲ ಹೊರಗಿಟ್ಟ ತಟ್ಟೆಯಿಂದ ಬೆಕ್ಕಿನ ಮರಿ ಹಾಲು ನೆಕ್ಕುವುದು ಬರುತ್ತದೆ. ತ್ರುಫೋ 1973ರಲ್ಲಿ ಸಿನಿಮಾ ತಯಾರಿಕೆಯ ಬಗ್ಗೆಯೇ ಒಂದು ಚಿತ್ರ ಮಾಡಿದಾಗ, ಈ ಬೆಕ್ಕನ್ನು ಹಾಲು ಕುಡಿಸಲು ಇಡೀ ಯೂನಿಟ್ ಒದ್ದಾಡುವ ದೃಶ್ಯ ಸೇರಿಸಿದರು. ಚರ್ಚೆ ಬಿಗಿಯಾದಾಗ ಹೇಳಿ, ಜನ ನಗುತ್ತಾರೆ.)

ಈಗ ನಿಮ್ಮ ಮುಖ್ಯ ಪ್ರಶ್ನೆ, ಫ್ರಾಂಕಾ. ಅವಳು ಕೊಲ್ಲಬಲ್ಲಳು ಎಂಬುದಕ್ಕೆ ಚಿತ್ರ ಮೊದಲೇ ಗುರುತು ಕೊಟ್ಟಿದೆಯೇ? ಕೊಟ್ಟಿದೆ, ಆದರೆ ಬಂದೂಕು ತೋರಿಸಿ ಅಲ್ಲ. ಬೀದಿಯಲ್ಲಿ ಒಬ್ಬ ಗಂಡಸು ಅವಳ ಹಿಂದೆ ಬೀಳುವ ದೃಶ್ಯವಿದೆ, ಸಣ್ಣದು, ಬಹಳ ಜನರಿಗೆ ನೆನಪೇ ಇರುವುದಿಲ್ಲ. ಅವಳು ತಲೆ ತಗ್ಗಿಸಿ ಹೋಗುವುದಿಲ್ಲ. ಗಕ್ಕನೆ ತಿರುಗಿ ನಿಂತು, ಅವನ ಮೇಲೇ ಎರಗಿ, ಮುಖಕ್ಕೆ ಹೊಡೆದಂತೆ ಮಾತಾಡಿ ಅವನನ್ನು ಕುಗ್ಗಿಸಿಬಿಡುತ್ತಾಳೆ. ಈ ದೃಶ್ಯವನ್ನು ರೀಮ್ಸ್ ಬೀದಿಯ ಪಕ್ಕದಲ್ಲಿಟ್ಟು ನೋಡಿ. ಅದೇ ಪರಿಸ್ಥಿತಿ, ಇಬ್ಬರು ಹೆಂಗಸರು. ನಿಕೋಲ್ ಗಂಡಸೊಬ್ಬ ಬಂದು ಬಿಡಿಸಲಿ ಎಂದು ಕಾಯುತ್ತಾಳೆ, ಅವನು ಬರುವುದಿಲ್ಲ. ಫ್ರಾಂಕಾ ಕಾಯುವವಳಲ್ಲ. ನೆಲ್ಲಿ ಬೆನೆದೆತ್ತಿ ಅವರ ಅಭಿನಯದಲ್ಲಿ ಫ್ರಾಂಕಾ ಮೊದಲಿನಿಂದಲೂ ಗಂಡನನ್ನು ಮೈಮನಸ್ಸಿನಿಂದ ಬಯಸುವ ಹೆಣ್ಣು; ಸಪ್ಪೆ ಗೃಹಿಣಿ, ಚೆಲುವೆ ಪ್ರೇಯಸಿ ಎಂಬ ಮಾಮೂಲು ಜೋಡಿ ಇಲ್ಲಿಲ್ಲ. ಜಗಳದ ನಂತರ ಒಂದಾಗುವುದು, ಮತ್ತೆ ಹರಿಯುವುದು, ಎರಡರಲ್ಲೂ ಅವಳದು ಅಳತೆ ಮೀರಿದ ತೀವ್ರತೆ.

ಕೊನೆಯ ಹತ್ತು ನಿಮಿಷವನ್ನು ಹೀಗೆ ಬಿಡಿಸಿ ನೋಡಿ. ಫ್ರಾಂಕಾಗೆ ಗಂಡನ ಬಟ್ಟೆಯಲ್ಲಿ ಫೋಟೋ ಅಂಗಡಿಯ ರಸೀದಿ ಸಿಗುತ್ತದೆ. ಹೋಗಿ ಲಕೋಟೆ ಬಿಡಿಸಿಕೊಳ್ಳುತ್ತಾಳೆ. ಫೋಟೋಗಳಲ್ಲಿ ಅವನು ಸುಖವಾಗಿದ್ದಾನೆ. ಅವಳಿಗೆ ಚುಚ್ಚುವುದು ಅದು. ಮನೆಗೆ ಬಂದು ಬೇಟೆಯ ಬಂದೂಕು ತೆಗೆದು, ಕೋಟಿನೊಳಗೆ ಅಡಗಿಸಿ ಕಾರು ಹತ್ತುತ್ತಾಳೆ. ಇತ್ತ ಪಿಯರ್, ನಿಕೋಲ್ ಕೈಬಿಟ್ಟ ಮೇಲೆ, ಹೆಂಡತಿಯೊಂದಿಗೆ ರಾಜಿಯಾಗೋಣ ಎಂದು ರೆಸ್ಟೋರೆಂಟಿನಿಂದ ಫೋನ್ ಮಾಡಲು ಹೋಗುತ್ತಾನೆ. ಬೂತಿನಲ್ಲಿ ಯಾರೋ ಹುಡುಗಿ ಮಾತಾಡುತ್ತಿದ್ದಾಳೆ. ಕಾಯುತ್ತಾನೆ, ಸಭ್ಯನಲ್ಲವೇ. ಕೊನೆಗೆ ಲೈನ್ ಸಿಕ್ಕಿದಾಗ ಮನೆಗೆಲಸದಾಕೆ ಎತ್ತುತ್ತಾಳೆ: ಅಮ್ಮಾವ್ರು ಆಗತಾನೇ ಹೊರಟರು. ಓರ್ಲಿಗೆ ಓಡಿದ ಆ ಮೊದಲ ದೌಡಿನಲ್ಲಿ ಅವನು ಕೂದಲೆಳೆಯಲ್ಲಿ ಸಮಯಕ್ಕೆ ತಲುಪಿದ್ದ. ಇಲ್ಲಿ ಅದೇ ಕೂದಲೆಳೆಯಲ್ಲಿ ತಪ್ಪುತ್ತಾನೆ. ಮೊದಲ ಹತ್ತು ನಿಮಿಷ ಯಾಕೆ ಬೇಕಿತ್ತು ಎಂಬುದಕ್ಕೆ ಉತ್ತರ ಇದು. ಫ್ರಾಂಕಾ ಬಂದು ಫೋಟೋಗಳನ್ನು ಮೇಜಿನ ಮೇಲೆ ಎಸೆಯುತ್ತಾಳೆ, ಗುಂಡು ಹಾರಿಸುತ್ತಾಳೆ, ಕುಸಿದು ಕೂರುತ್ತಾಳೆ. ಅವಳ ಮುಖದಲ್ಲಿ ನಗುವಿನಂಥ ಏನೋ ಇದೆ. ಆ ನಗುವಿನ ಅರ್ಥ ಹೇಳುವ ಗೋಜಿಗೆ ಹೋಗಬೇಡಿ, ಸದಸ್ಯರೇ ಜಗಳವಾಡಲಿ.

ಆ ಫೋಟೋಗಳ ಬಗ್ಗೆ ಇನ್ನೊಂದು ಮಾತು. ಆಗಿನ ಫ್ರೆಂಚ್ ಕಾನೂನು ಗೊತ್ತಿಲ್ಲದಿದ್ದರೆ ಈ ದೃಶ್ಯದ ತೂಕ ಅರ್ಧ ಕಳೆಯುತ್ತದೆ. 1964ರಲ್ಲಿ ಅಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಇರಲಿಲ್ಲ. 1884ರ ಕಾಯ್ದೆಯ ಪ್ರಕಾರ ಒಬ್ಬರ ತಪ್ಪನ್ನು ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅಂದರೆ ಅಂಥ ಫೋಟೋಗಳು ವಕೀಲರ ಮೇಜಿಗೆ ಹೇಳಿ ಮಾಡಿಸಿದ ಸಾಕ್ಷ್ಯ. ಅವಳು ಅವನ್ನು ವಕೀಲರ ಬಳಿ ಒಯ್ಯದೆ ಗಂಡನ ಊಟದ ಮೇಜಿಗೆ ಎಸೆಯುತ್ತಾಳೆ. ಇನ್ನು ಶಿಕ್ಷೆಯ ವಿಷಯ: ನೆಪೋಲಿಯನ್ ಕಾಲದ 1810ರ ದಂಡಸಂಹಿತೆಯಂತೆ ಜಾರಿಣಿ ಹೆಂಡತಿಗೆ 3 ತಿಂಗಳಿಂದ 2 ವರ್ಷ ಜೈಲು. ಗಂಡನಿಗೆ? ಪ್ರೇಯಸಿಯನ್ನು ಸಂಸಾರದ ಮನೆಯಲ್ಲೇ ತಂದಿಟ್ಟುಕೊಂಡರೆ ಮಾತ್ರ, ಅದೂ ಬರೀ ದಂಡ. ಮನೆಯಲ್ಲಿ ಸಿಕ್ಕಿಬಿದ್ದ ಹೆಂಡತಿಯನ್ನು ಕೊಂದ ಗಂಡನಿಗೆ ಅದೇ ಸಂಹಿತೆಯ 324ನೇ ಕಲಂ ರಿಯಾಯಿತಿ ಕೊಡುತ್ತಿತ್ತು, ಹೆಂಡತಿಗೆ ಅಂಥ ರಿಯಾಯಿತಿ ಇರಲಿಲ್ಲ. ಇದೆಲ್ಲ ಹೋದದ್ದು 1975ರಲ್ಲಿ. ನಮ್ಮ ಭಾರತೀಯ ದಂಡಸಂಹಿತೆಯಲ್ಲಿ ವ್ಯಭಿಚಾರದ ಕುರಿತ 497ನೇ ಕಲಂ ಕೂಡ ಗಂಡನ ಮೇಲೆ ಹೆಂಡತಿ ದೂರು ಕೊಡಲು ಬಿಡುತ್ತಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2018ರ ಸೆಪ್ಟೆಂಬರ್ 27ರಂದು. ಎರಡೂ ದೇಶಗಳ ಹಳೆಯ ಪುಸ್ತಕದಲ್ಲಿ ಪಿಯರ್ ಮಾಡಿದ್ದು ಅಪರಾಧವೇ ಅಲ್ಲ. ಈ ಒಂದು ವಾಕ್ಯ ಸಾಕು, ನಿಮ್ಮ ಚರ್ಚೆ ಅರ್ಧ ಗಂಟೆ ಓಡುತ್ತದೆ.

ಚರ್ಚೆ ಹಳಿ ತಪ್ಪುವುದು ಎಲ್ಲಿ ಎಂದರೆ ನಿರ್ದೇಶಕರ ಖಾಸಗಿ ಬದುಕಿನಲ್ಲಿ. ಲಾಶ್ನೆ ಕುಟುಂಬದ ಮನೆಯಾಗಿ ತೋರಿಸಿರುವುದು ತ್ರುಫೋ ಅವರ ಸ್ವಂತ ಫ್ಲ್ಯಾಟು. ಚಿತ್ರ ಬಂದ ಮರುವರ್ಷ, 1965ರಲ್ಲಿ, ಅವರಿಗೂ ಪತ್ನಿ ಮಡಲೀನ್‌ಗೂ ವಿಚ್ಛೇದನವಾಯಿತು. ಇದು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎರಡು ನಿಮಿಷ ಕೊಟ್ಟು ಮುಂದೆ ಸಾಗಿ. ಇದರಿಂದ ತಿಳಿಯುವ ಉಪಯುಕ್ತ ವಿಷಯ ಒಂದೇ: ಪಿಯರ್‌ಗೆ ಇಲ್ಲಿ ಯಾವ ರಿಯಾಯಿತಿಯೂ ಇಲ್ಲ, ತನ್ನದೇ ಜಾತಿಯವನನ್ನು ಬಲ್ಲವರು ಬರೆದ ನಿರ್ದಯ ಚಿತ್ರಣ ಇದು.

‘ದಿ ವುಮನ್ ನೆಕ್ಸ್ಟ್ ಡೋರ್’ (ಫ್ರೆಂಚಿನಲ್ಲಿ ‘ಲಾ ಫಾಮ್ ದಾ ಕೋತೆ’, 1981) ಖಂಡಿತ ತೋರಿಸಿ, ಆದರೆ ಅದೇ ದಿನ ಬೇಡ. ಎರಡರ ಲಯವೂ ಬೇರೆ, ಒಂದರ ಬೆನ್ನಿಗೊಂದು ನೋಡಿದರೆ ಮೊದಲನೆಯದು ಒಣಗಿದಂತೆ ಕಾಣುತ್ತದೆ. ಒಂದು ವಾರ ಬಿಡಿ. ಈ ಎರಡನೇ ಚಿತ್ರದಲ್ಲಿ ವೇಳಾಪಟ್ಟಿಯ ಪಾತ್ರ ಕಡಿಮೆ, ನೆನಪಿನ ಪಾತ್ರ ಹೆಚ್ಚು. ಗ್ರೆನೋಬ್ಲ್ ಬಳಿಯ ಹಳ್ಳಿಯಲ್ಲಿ ಬರ್ನಾರ್ (ಜೆರಾರ್ ದೆಪಾರ್ದ್ಯೂ) ಹೆಂಡತಿ ಮಗುವಿನೊಂದಿಗೆ ನೆಮ್ಮದಿಯಾಗಿದ್ದಾನೆ. ಎದುರುಮನೆಗೆ ಗಂಡನೊಂದಿಗೆ ಬಾಡಿಗೆಗೆ ಬರುವ ಮತಿಲ್ಡ್ (ಫ್ಯಾನಿ ಅರ್ದಾನ್) ಅವನ ಹಳೆಯ ಪ್ರೇಯಸಿ. ಬರ್ನಾರ್‌ನ ಕೆಲಸ ಗಮನಿಸಿ: ಕೆರೆಯೊಂದರಲ್ಲಿ ದೈತ್ಯ ತೈಲಹಡಗುಗಳ ಪುಟ್ಟ ಮಾದರಿಗಳನ್ನು ನಡೆಸುವುದನ್ನು ಕ್ಯಾಪ್ಟನ್‌ಗಳಿಗೆ ಕಲಿಸುವುದು. ಅಂಥ ಕೇಂದ್ರ ಗ್ರೆನೋಬ್ಲ್ ಕಡೆ ಪೋರ್ ರೆವೆಲ್‌ನಲ್ಲಿ ನಿಜವಾಗಿ ಇದೆ, ಮಾದರಿಗಳು 1:25ರ ಅಳತೆಯವು. ಮತಿಲ್ಡ್‌ಳ ಗಂಡ ಏರ್ ಟ್ರಾಫಿಕ್ ಕಂಟ್ರೋಲರ್. ಡಿಕ್ಕಿ ತಪ್ಪಿಸುವುದೇ ಇಬ್ಬರು ಗಂಡಸರ ವೃತ್ತಿ, ಮನೆಯಲ್ಲಿ ಇಬ್ಬರಿಗೂ ಅದಾಗುವುದಿಲ್ಲ. ತ್ರುಫೋ ಇದನ್ನು ಎಲ್ಲೂ ಒತ್ತಿ ಹೇಳುವುದಿಲ್ಲ.

ಸೂಪರ್‌ಮಾರ್ಕೆಟ್ ಕೆಳಗಿನ ಪಾರ್ಕಿಂಗ್‌ನಲ್ಲಿ ಅವನು ಮುತ್ತಿಟ್ಟೊಡನೆ ಅವಳು ಮೂರ್ಛೆ ಹೋಗುವುದು, ತೋಟದ ಪಾರ್ಟಿಯಲ್ಲಿ ಎಲ್ಲರೆದುರು ಬರ್ನಾರ್ ಹುಚ್ಚೆದ್ದು ಅವಳ ಮೇಲೆ ಕೈ ಮಾಡುವುದು, ಈ ಎರಡನ್ನು ಗುರುತು ಮಾಡಿಕೊಳ್ಳಿ. ಮೊದಲರ್ಧದಲ್ಲಿ ಕುದಿಯುವವನು ಅವನು. ಆ ಪಾರ್ಟಿಯ ನಂತರ ಅವನು ತಣ್ಣಗಾಗಿ ಸಂಸಾರಕ್ಕೆ ಮರಳುತ್ತಾನೆ, ಬೇನೆ ಅವಳಿಗೆ ದಾಟುತ್ತದೆ, ಆಸ್ಪತ್ರೆ ಸೇರುತ್ತಾಳೆ. ಒಬ್ಬರ ಜ್ವರ ಇಳಿದಾಗ ಇನ್ನೊಬ್ಬರದು ಏರುವುದರಿಂದ ಇಬ್ಬರಿಗೂ ಒಟ್ಟಿಗೆ ಗುಣವಾಗುವ ದಿನವೇ ಬರುವುದಿಲ್ಲ. ಇದು ‘ಲಾ ಪೋ ದೂಸ್’ನ ಯಂತ್ರಕ್ಕಿಂತ ತೀರ ಬೇರೆ ಯಂತ್ರ. ಅಲ್ಲಿ ಕೊಲ್ಲುವುದು ಹೆಂಡತಿ, ಇಲ್ಲಿ ಪ್ರೇಯಸಿ, ಅದೂ ಅವನನ್ನು ಕೊಂದು ತನ್ನನ್ನೂ ಕೊಂದುಕೊಳ್ಳುತ್ತಾಳೆ.

ಮೂರನೆಯದೂ ಬೇಕೆಂದರೆ ಕ್ಲೋದ್ ಶಾಬ್ರೋಲ್ ಅವರ ‘ಲಾ ಫಾಮ್ ಆಂಫಿದೆಲ್’ (1969). ಅದರಲ್ಲಿ ಪ್ರಿಯಕರನನ್ನು ಕೊಲ್ಲುವವನು ಗಂಡ, ಮತ್ತು ವಿಚಿತ್ರವೆಂದರೆ ಅದರಿಂದ ದಾಂಪತ್ಯ ಮತ್ತೆ ಜೀವ ಹಿಡಿಯುತ್ತದೆ. ಹೊಸಬರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಸದಸ್ಯರ ತಾಳ್ಮೆಯ ಬಗ್ಗೆ ಅನುಮಾನವಿದ್ದರೆ ಇದರಿಂದಲೇ ಶುರು ಮಾಡಬಹುದು.

‘ದಿ ವುಮನ್ ನೆಕ್ಸ್ಟ್ ಡೋರ್’ ದಿನ ಒಂದು ಎಚ್ಚರಿಕೆ: ಬಾಗಿಲನ್ನು ಸಮಯಕ್ಕೆ ಸರಿಯಾಗಿ ಹಾಕಿ. ಮೊದಲ ನಿಮಿಷಗಳಲ್ಲೇ ಟೆನಿಸ್ ಕ್ಲಬ್ಬಿನ ಮದಾಮ್ ಜೂವ್ ನೇರ ಕ್ಯಾಮೆರಾಗೆ ಮಾತಾಡುತ್ತಾಳೆ, ಕ್ಯಾಮೆರಾ ಹಿಂದೆ ಸರಿಯಲಿ ಎಂದು ಹೇಳಿ ತನ್ನ ಊನವಾದ ಕಾಲನ್ನು ತೋರಿಸುತ್ತಾಳೆ. ಪ್ರೇಮಕ್ಕಾಗಿ ಕಿಟಕಿಯಿಂದ ಹಾರಿ, ಸಾಯದೆ ಉಳಿದವಳು ಅವಳು. ಆ ಕಾಲನ್ನು ನೋಡದೆ ತಡವಾಗಿ ಬಂದು ಕೂತವರು ಚಿತ್ರ ಮುಗಿದ ಮೇಲೆ ಮತ್ತೆ ಅದನ್ನೇ ಕೇಳುತ್ತಾರೆ: ಬಂದೂಕು ಎಲ್ಲಿಂದ ಬಂತು?